ಕಾಕು ಆರಿಸಿದ ವೈರು

ಕಾಕಾ ಫೋನು ಮಾಡಿದಾಗ ನಾನು ಬಸವಕಲ್ಯಾಣದ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಉತ್ತರಪತ್ರಿಕೆ ತಿದ್ದುತ್ತ ಕೂತಿದ್ದೆ. ಕಾಕಾ ಎಂದರೆ ನನ್ನ ತಂದೆಯ ತಮ್ಮ. ಹುಮನಾಬಾದಿನ ಬಜಾರಿನಲ್ಲಿ ಅವರದು ಬೇಳೆಕಾಳಿನ ಅಂಗಡಿ. ಸಾಮಾನ್ಯವಾಗಿ ಮೊದಲು ಮಕ್ಕಳ ಕ್ಷೇಮ, ಆಮೇಲೆ ಮಳೆ, ಆಮೇಲೆ ತೊಗರಿ, ಕೊನೆಗೆ ವಿಷಯ ಎಂಬ ಕ್ರಮದಲ್ಲಿ ಮಾತಾಡುವ ಮನುಷ್ಯ. ಅವತ್ತು ನೇರ ವಿಷಯಕ್ಕೇ ಬಂದರು.

"ಅವ್ವಾ, ಆ ಹಾಡಿನ ಪೆಟ್ಟಿಗಿ ನಿಮ್ಮ ಸಾಲಿಗಿ ಒಯ್ದುಬಿಡು. ನಮ್ಮ ಮನ್ಯಾಗ ಅದು ಬ್ಯಾಡ."

"ಯಾಕ್ರಿ ಕಾಕಾ? ಮೊನ್ನೆನೇ ತಂದೀರಲ್ಲ?"

"ನಿಮ್ಮ ಕಾಕು ಬಿದ್ದಾಳ."

ನಾನು ಪತ್ರಿಕೆಗಳನ್ನು ಕಪಾಟಿನಲ್ಲಿಟ್ಟು, ಮಾರನೆಯ ದಿನ ಭಾನುವಾರವಾದ್ದರಿಂದ ಬೆಳಿಗ್ಗೆಯೇ ಹುಮನಾಬಾದಿನ ಬಸ್ಸು ಹತ್ತಿದೆ.

ಕಾಕು ಎಂದರೆ ಕಾಕಾನ ಹೆಂಡತಿ. ಅವಳಿಗೆ ಕಣ್ಣು ಹೋಗಿ ಬಹಳ ಕಾಲವೇನೂ ಆಗಿರಲಿಲ್ಲ. ಕಣ್ಣಿನೊಳಗಿನ ಒತ್ತಡ ಏರಿ ನರ ಒಣಗುವ ಕಾಯಿಲೆ. ಗೊತ್ತಾಗುವ ಹೊತ್ತಿಗೆ ತಡವಾಗಿತ್ತು. ಮೊದಲು ಬದಿಗಳು ಮಸುಕಾದವು, ಆಮೇಲೆ ನಡುವೆ ಉಳಿದಿದ್ದ ಕಿಂಡಿಯಷ್ಟು ಬೆಳಕೂ ಆರಿತು. ಅವಳ ತವರು ನಿರ್ಣಾ. ಮದುವೆಯಾಗಿ ಬಂದ ವರ್ಷದಿಂದ ಹುಮನಾಬಾದಿನ ಹೆಣ್ಣುಮಕ್ಕಳ ವಚನ ಹಾಡುವ ಮಂಡಳಿಗೆ ಅವಳೇ ಮುಂದಾಳು. ಪ್ರತಿ ಸೋಮವಾರ ಮಠದಲ್ಲಿ ಅವಳು ಎತ್ತಿಕೊಟ್ಟರೆ ಉಳಿದವರು ಹಿಂದೆ ಹಾಡುವುದು. ಕಣ್ಣು ಹೋದ ಮೇಲೆ ಮಠಕ್ಕೆ ಹೋಗುವುದನ್ನು ಬಿಟ್ಟಳು. ಯಾರೂ ಬೇಡ ಎನ್ನಲಿಲ್ಲ. ಆದರೆ ಮನೆಯಲ್ಲಿ ಎಲ್ಲರೂ "ನೀ ಕೂಡು, ನಾವು ಮಾಡ್ತೀವಿ" ಎಂದು ಎಷ್ಟು ಸಲ ಅಂದಿದ್ದರೆಂದರೆ, ಕೂಡುವುದೇ ಅವಳ ಕೆಲಸವಾಗಿಬಿಟ್ಟಿತ್ತು.

ಮಂಡಳಿಯ ಹೆಂಗಸರು ಅವಳನ್ನು ಮರೆಯಲಿಲ್ಲ. ಪ್ರತಿ ಸೋಮವಾರದ ಹಾಡುಗಳನ್ನು ರೆಕಾರ್ಡ್ ಮಾಡಿ ಮನೆಗೆ ಕಳಿಸುತ್ತಿದ್ದರು. ಕಾಕು ಮೊಬೈಲನ್ನು ಕಿವಿಗೆ ಒತ್ತಿ ಹಿಡಿದು ಕೇಳಿ, "ಎಲ್ಲಾರೂ ಒಂದ ಡಬ್ಬ್ಯಾಗ ಕುಂತು ಹಾಡಿದಂಗ ಅದ. ಯಾರ ದನಿ ಯಾವುದಂತ ತಿಳಿವಲ್ದು" ಎನ್ನುತ್ತಿದ್ದಳು. ಅದನ್ನು ಕೇಳಿಯೇ ಕಾಕಾ ಹೈದರಾಬಾದಿಗೆ ಹೋಗಿ ಒಂದು ಆಂಪ್ಲಿಫೈಯರ್, ಎರಡು ದೊಡ್ಡ ಸ್ಪೀಕರು ತಂದಿದ್ದರು. ಜೋಡಿಸಲು ಬಂದವನು ಪೆಟ್ಟಿಗೆಯ ಜೊತೆ ಪುಕ್ಕಟೆ ಬಂದಿದ್ದ ಸಣ್ಣ ವೈರನ್ನು ಪಡಸಾಲೆಯ ನೆಲದ ಮೇಲೆ ಅಡ್ಡಡ್ಡ ಎಳೆದು, ಮೇಲೆ ಜಮಖಾನ ಮುಚ್ಚಿ ಹೋಗಿದ್ದ.

ನಾನು ಹೋದಾಗ ಕಾಕು ಪಡಸಾಲೆಯ ಮಂಚದ ಮೇಲೆ ಕೂತಿದ್ದಳು. ಎಡಗೈ ಮಣಿಕಟ್ಟಿಗೆ ಪಟ್ಟಿ. ಎಲುಬು ಮುರಿದಿರಲಿಲ್ಲ, ಉಳುಕಿತ್ತು. ಸ್ಪೀಕರುಗಳು ಎಲ್ಲೂ ಕಾಣಲಿಲ್ಲ.

"ನಿಮ್ಮ ಕಾಕಾ ಅವನ್ನ ಒಳಗ ತೊಗರಿ ಚೀಲದ ಹಿಂದ ಒಗದಾರ," ಎಂದಳು ಕಾಕು, ನಾನು ಕೇಳುವ ಮೊದಲೇ. "ಬಿದ್ದಾಕಿ ನಾನು, ಶಿಕ್ಷಾ ಪೆಟ್ಟಿಗಿಗಿ. ಇದೆಂಥಾ ನ್ಯಾಯ ಹೇಳು."

ಕಾಕಾ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. "ಮತ್ತ ಬಿದ್ದು ಸೊಂಟ ಮುರ್ಕೊಂಡ್ರ? ಹಾಡು ಏನ್ ಮಾಡ್ತದ ಆಗ?"

"ಕಾಕಾ, ಬೀಳಿಸಿದ್ದು ಪೆಟ್ಟಿಗಿ ಅಲ್ರಿ, ವೈರು. ವೈರು ನೆಲಕ್ಕ ಇರಬಾರದು, ಅಷ್ಟ."

"ನೆಲಕ್ಕ ಬ್ಯಾಡಂದ್ರ ಗಾಳ್ಯಾಗ ಹೋಗ್ತದೇನು?"

"ಗ್ವಾಡಿ ಮ್ಯಾಲ ಹೋಗ್ತದ. ನಾ ಹಾಕಿ ಕೊಡ್ತೀನಿ."

ಈ ಮಾತನ್ನು ಆಡುವಾಗ ನನಗೆ ಯಾವ ಅನುಮಾನವೂ ಇರಲಿಲ್ಲ. ಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ನಮ್ಮ ಶಾಲೆಯ ಸಭಾಂಗಣದ ಸ್ಪೀಕರುಗಳಿಗೂ ನನ್ನ ಮನೆಯವಕ್ಕೂ ವೈರು ಆರಿಸಿ ಎಳೆದವಳು ನಾನೇ. ಹಾಡು ಕೇಳುವ ಸಾಮಾನಿನ ಬಗ್ಗೆ ಜನ ಹೇಳುವ ಮಾತುಗಳಲ್ಲಿ ಅರ್ಧ ನಿಜ, ಅರ್ಧ ಅಂಗಡಿಯ ಮಾತು. ವೈರಿನ ವಿಷಯದಲ್ಲಿ ಯಾವುದು ಯಾವ ಅರ್ಧ ಎಂದು ನನಗೆ ಚೆನ್ನಾಗಿ ಗೊತ್ತಿತ್ತು.

ಪಡಸಾಲೆಯನ್ನು ಒಮ್ಮೆ ಸುತ್ತಿ ನೋಡಿದೆ. ಕಲ್ಲಿನ ಗೋಡೆಯ ಹಳೆಯ ಮನೆ. ಕಾಕುವಿನ ಮಂಚದ ತಲೆಯ ಬಳಿ ಗೋಡೆಯಲ್ಲೊಂದು ಗೂಡು. ಅವಳ ಕೈ ಸಲೀಸಾಗಿ ತಲಪುವುದು ಅಲ್ಲಿಗೇ, ಆದ್ದರಿಂದ ಆಂಪ್ಲಿಫೈಯರ್ ಇರಬೇಕಾದದ್ದೂ ಅಲ್ಲೇ. ಸ್ಪೀಕರುಗಳು ಎದುರು ಗೋಡೆಯ ಎರಡು ಮೂಲೆಯಲ್ಲಿ. ನೆಲದ ಮೇಲೆ ನೇರ ಎಳೆದರೆ ಸ್ವಲ್ಪವೇ ವೈರು ಸಾಕಿತ್ತು. ಆದರೆ ಗೂಡಿನಿಂದ ಮೇಲೇರಿ, ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಹೋಗಿ, ದೇವರ ಕೋಣೆಯ ಬಾಗಿಲನ್ನೂ ದಾಟಿ, ಮೂಲೆಯಲ್ಲಿ ಕೆಳಗಿಳಿಯಬೇಕೆಂದರೆ ದಾರಿ ಎರಡು ಪಟ್ಟಿಗಿಂತ ಹೆಚ್ಚಾಗುತ್ತಿತ್ತು. ದಾರಿ ಉದ್ದವಾದಷ್ಟೂ ವೈರು ದಪ್ಪವಾಗಬೇಕು.

"ಅದ್ಯಾಕ?" ಎಂದರು ಕಾಕಾ. "ಕರೆಂಟ್ ಸಣ್ಣ ವೈರಿನ್ಯಾಗೂ ಹೋಗ್ತದಲ್ಲ?"

"ನಿಮ್ಮ ಹೊಲದಾಗ ಬಾವಿ ಪಕ್ಕದ ಪಟ್ಟಿಗಿ ಸಣ್ಣ ಪೈಪ್ ನಡೀತದ. ಆ ತುದೀಗಿ ನೀರು ಒಯ್ಯಬೇಕಂದ್ರ ಏನ್ ಹಾಕ್ತೀರಿ?"

"ದಪ್ಪಂದು."

"ಇದೂ ಹಂಗ. ಸಣ್ಣ ವೈರು ಹಾಕಿದ್ರ ಸ್ಪೀಕರಿಗಿ ಹೋಗೋ ಜೋರು ಹಾದ್ಯಾಗ ಸೋರಿ ಹೋಗ್ತದ. ತಬಲಾದ ಎಡದ ದನಿ ಸಡ್ಲ ಆಗ್ತದ."

ಕಾಕು ತಲೆ ಎತ್ತಿದಳು. "ಹೌದು! ಹಂಗ ಇತ್ತು ನೋಡು ಮೊನ್ನಿ. ಡಗ್ಗಾ ಹಸಿ ಹಸಿ ಬರ್ತಿತ್ತು. ಬಾರಿಸಾಕಿ ಸರಿಯಾಗಿ ಬಿಗಿದಿಲ್ಲಂತ ನಾ ತಿಳ್ದಿದ್ದೆ."

ಅದು ಪೂರ್ತಿ ವೈರಿನದೇ ತಪ್ಪೆಂದು ನಾನು ಹೇಳಲಾರೆ, ಬಾರಿಸುವವಳದೂ ಇದ್ದೀತು. ಆದರೆ ಕಾಕಾನ ಮುಖ ಮೆತ್ತಗಾದದ್ದು ಆಗಲೇ. ಚಪ್ಪಲಿ ಹಾಕಿಕೊಂಡು, "ನಡಿ, ಊರಾಗಿನ ಎಲ್ಲಾಕಿಂತ ಚಲೋ ವೈರು ತರಮು" ಎಂದರು.

ಬಜಾರಿನ ಒಂದು ದೊಡ್ಡ ಎಲೆಕ್ಟ್ರಿಕಲ್ ಅಂಗಡಿಗೆ ಹೋದೆವು. ಮಾಲಕರು ಕಾಕಾನ ಗುರುತಿನವರು, ಒಳ್ಳೆಯ ಮಾತುಗಾರರು. ಗಾಜಿನಂಥ ಪಾರದರ್ಶಕ ಹೊದಿಕೆಯ, ಕಿರುಬೆರಳಿನಷ್ಟು ದಪ್ಪದ ವೈರನ್ನು ಮೇಜಿನ ಮೇಲೆ ಸುತ್ತಿ ಇಟ್ಟರು. ಒಳಗಿನ ಎಳೆಗಳು ಹೊಸ ಬಳೆಯ ಹಾಗೆ ಹೊಳೆಯುತ್ತಿದ್ದವು. ತುದಿಗೆ ಬಂಗಾರದ ಬಣ್ಣದ ಪಿನ್ನು.

"ಇದು ಹಾಕ್ರಿ ಶೇಟ್ರೆ. ಹಾಡಾಕಿ ಬಾಜೂಕ ಬಂದು ಕುಂತಂಗ ಆಗ್ತದ. ಪೂರಾ ಫಾರಿನ್ ಮಾಲ್."

ಕಾಕಾನ ಕೈ ಆಗಲೇ ಅಂಗಿಯ ಜೇಬಿಗೆ ಹೋಗಿತ್ತು. ನಾನು ವೈರನ್ನು ಎತ್ತಿ ತೂಗಿ ನೋಡಿದೆ. ಆ ಗಾತ್ರಕ್ಕೆ ತೀರ ಹಗುರ. ಚೀಲದಲ್ಲಿದ್ದ ಪೆನ್ಸಿಲ್ ಚೂಪು ಮಾಡುವ ಬ್ಲೇಡು ತೆಗೆದು, "ಒಂದ ಎಳಿ ಕೆರದು ನೋಡಲೇನ್ರಿ?" ಎಂದು ಕೇಳಿದೆ. ಅವರು ಬೇಡ ಎನ್ನುವಂತಿರಲಿಲ್ಲ. ತುದಿಯ ಒಂದೇ ಎಳೆಯನ್ನು ಮೆತ್ತಗೆ ಕೆರೆದೆ. ಕೆಂಪು ಹೋಗಿ ಕೆಳಗೆ ಬೆಳ್ಳಗೆ ಕಂಡಿತು. ಅಲ್ಯೂಮಿನಿಯಮ್ಮಿನ ತಂತಿಗೆ ತಾಮ್ರದ ತೆಳು ಲೇಪ ಕೊಟ್ಟ ಮಾಲು.

ಕಾಕಾ ಬಗ್ಗಿ ನೋಡಿದರು. "ಇದೇನ್ರಿ ಇದು?"

"ನಂಗೂ ಮಾಲೂಮ್ ಇಲ್ರಿ ಶೇಟ್ರೆ, ಕಂಪನಿಯವ್ರು ಕೊಟ್ಟದ್ದು ನಾವು ಮಾರ್ತೀವಿ," ಎಂದರು ಅವರು. ಸುಳ್ಳು ಹೇಳುವವರ ಮುಖವಲ್ಲ ಅದು, ನಿಜವಾಗಿಯೂ ಪೆಚ್ಚಾಗಿತ್ತು. ತಾವೇ ಇನ್ನೊಂದು ಎಳೆ ಕೆರೆದು ನೋಡಿ, ಸುರುಳಿಯನ್ನು ಹಿಂದೆ ಇಟ್ಟರು. ಅಸಲಿ ತಾಮ್ರದ ದಪ್ಪ ವೈರು ಅವರಲ್ಲಿ ಇದ್ದದ್ದು ಮೋಟಾರಿಗೆ ಹಾಕುವ ಬಿರುಸು ಜಾತಿಯದು ಮಾತ್ರ. ಅದು ಕಬ್ಬಿನ ಹಾಗೆ ಸೆಟೆದು ನಿಲ್ಲುತ್ತದೆ, ಬಾಗಿಲ ಮೂಲೆಯಲ್ಲಿ ತಿರುಗುವುದಿಲ್ಲ. ನಾವು ಬರಿಗೈಯಲ್ಲಿ ಮನೆಗೆ ಬಂದೆವು.

ಊಟಕ್ಕೆ ಕೂತಾಗ ನಾನು ಹೇಳಿದೆ, "ಬಸವಕಲ್ಯಾಣದಾಗ ನಾ ಯಾವಾಗೂ ತರೋ ದುಕಾನ ಅದ. ನಾಳಿ ಸಾಲಿ ಬಿಟ್ಟ ಮ್ಯಾಲ ತಗೊಂಡು, ಮುಂದಿನ ಐತವಾರ ಬಂದು ಹಾಕ್ತೀನಿ."

"ನಾನೂ ಬರ್ತೀನಿ," ಎಂದಳು ಕಾಕು.

ಕಾಕಾ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದರು. "ಎಲ್ಲಿಗಿ?"

"ಕಲ್ಯಾಣಕ್ಕ. ವೈರು ತರಾಕ."

"ಈ ಕೈ ಇಟ್ಕೊಂಡು? ನೀ ಬಂದು ಅಲ್ಲಿ ಏನ್ ನೋಡ್ತೀದಿ?"

ಆ ಮಾತು ಬಾಯಿಂದ ಬಿದ್ದ ಕೂಡಲೇ ಕಾಕಾ ತಲೆ ತಗ್ಗಿಸಿದರು. ಕಾಕು ಸಿಟ್ಟಾಗಲಿಲ್ಲ. ಪುಂಡಿಪಲ್ಯೆಯ ಬಟ್ಟಲನ್ನು ಬೆರಳಿಂದ ಹುಡುಕಿ ಹತ್ತಿರ ಎಳೆದುಕೊಂಡಳು.

"ನೋಡಾಕ ಅಲ್ಲ. ನನ್ನ ಕಾಲಿಗಿ ಸಿಕ್ಕಿದ್ದು ಅದು. ಈ ಸಲ ಹ್ಯಾಂಗಿದ್ದದ್ದು ಮನಿಗಿ ಬರ್ತದಂತ ನನ್ನ ಕೈಗಿ ತಿಳೀಬೇಕು."

ಹೀಗೆ ಮುಂದಿನ ಶನಿವಾರ, ನನ್ನ ಶಾಲೆ ಅರ್ಧ ದಿನವಾದ್ದರಿಂದ, ಕಾಕಾ ಕಾಕುವನ್ನು ಕರೆದುಕೊಂಡು ಬಸವಕಲ್ಯಾಣಕ್ಕೆ ಬಂದರು. ಕಣ್ಣು ಹೋದ ಮೇಲೆ ದವಾಖಾನೆ ಬಿಟ್ಟು ಅವಳು ಬೇರೆ ಊರಿಗೆ ಹೊರಟದ್ದು ಅದೇ ಮೊದಲು. ನಾನು ಬಸ್ ನಿಲ್ದಾಣದಲ್ಲಿ ಕಾಯುತ್ತಿದ್ದೆ. ಬಸ್ಸಿನಿಂದ ಇಳಿದವಳು ಇಳಕಲ್ಲ ಸೀರೆ ಉಟ್ಟಿದ್ದಳು, ಮದುವೆಗೆ ಹೊರಟವರ ಹಾಗೆ. "ಹೈವೇ ಮ್ಯಾಲ ಏನ್ ಗಾಡಿ ಏನ್ ಗಾಡಿ! ಕಿವಿ ತುಂಬಿ ಹೋದವು," ಎಂದು ನಗುತ್ತ ನನ್ನ ಭುಜದ ಮೇಲೆ ಕೈಯಿಟ್ಟಳು. ಕೈ ಹಿಡಿದು ಎಳೆಯುವುದು ಅವಳಿಗೆ ಹಿಡಿಸುವುದಿಲ್ಲ. ಅವಳ ಕೈ ನಮ್ಮ ಭುಜದ ಮೇಲಿರಬೇಕು, ನಾವು ಅರ್ಧ ಹೆಜ್ಜೆ ಮುಂದೆ ನಡೆಯಬೇಕು. ಹಾಗೆ ನಡೆದರೆ ಅವಳು ಯಾರಿಗಿಂತಲೂ ನಿಧಾನವಲ್ಲ.

ಅಂಗಡಿ ಸಣ್ಣದು. ಮುಂದೆ ಫ್ಯಾನು, ಮೋಟಾರಿನ ಸ್ಟಾರ್ಟರು, ಒಳಗೆ ವೈರಿನ ಸುರುಳಿಗಳು. ಮಾಲಕರು ನನ್ನನ್ನು ನೋಡಿ, "ಬರ್ರಿ ಟೀಚರ್, ಸಾಲಿಗಿ ಏನ್ ಬೇಕಾತ್ರಿ?" ಎಂದರು. ವಿಷಯ ಹೇಳಿದೆ. ಅವರು ಕಾಕುವನ್ನು ನೋಡಿ, ದನಿ ತಗ್ಗಿಸಿ ನನ್ನನ್ನು ಕೇಳಿದರು, "ಅಮ್ಮಾರಿಗಿ ಕುಂದ್ರಾಕ ಸ್ಟೂಲ್ ಹಾಕಲೇನ್ರಿ? ಅವ್ರಿಗಿ ಯಾವ ಹಾಡು ಕೇಳೋದದ?"

"ಕಣ್ಣು ಹೋಗ್ಯಾವ್ರಿ, ಕಿವಿ ಎರಡೂ ಅವ," ಎಂದಳು ಕಾಕು. "ನನಗ ಕೇಳ್ರಿ. ಸ್ಟೂಲ್ ಬ್ಯಾಡ. ವೈರು ತೋರಸ್ರಿ."

ಅವರು ಒಂದು ಗಳಿಗೆ ಗಾಬರಿಯಾಗಿ, ಆಮೇಲೆ ನಕ್ಕುಬಿಟ್ಟರು. ಅಲ್ಲಿಂದ ಮುಂದೆ ಎಲ್ಲ ಮಾತೂ ಕಾಕುವಿನ ಜೊತೆಗೇ.

ನಾನು ಮೊದಲೇ ನನ್ನ ಕೆಲಸದ ಗೆರೆ ಹಾಕಿಕೊಂಡಿದ್ದೆ. ತಾಮ್ರ ಅಸಲಿಯೋ ಅಲ್ಲವೋ ನೋಡುವುದು, ದಾರಿಯ ಉದ್ದಕ್ಕೆ ಎಷ್ಟು ದಪ್ಪ ಬೇಕೆಂದು ಹೇಳುವುದು ನನ್ನದು. ಅದನ್ನು ದಾಟಿದ ವೈರುಗಳಲ್ಲಿ ಯಾವುದು ಎಂಬುದು ಅವಳದು. ದಪ್ಪ ಸಾಲದವನ್ನು ಬದಿಗಿಟ್ಟೆ. ಎರಡು ಕೆರೆದು ನೋಡಿದೆ, ಒಳಗೂ ಕೆಂಪು. ಇನ್ನೊಂದನ್ನು ಬೆಂಕಿಕಡ್ಡಿಗೆ ಹಿಡಿದೆ, ಎಳೆ ಕರಗದೆ ಕೆಂಪಗಾಗಿ ತಣ್ಣಗಾಯಿತು. ಕೊನೆಗೆ ಮೇಜಿನ ಮೇಲೆ ಮೂರು ಉಳಿದವು. ಮೂರೂ ಕೆಲಸಕ್ಕೆ ಬರುವಂಥವೇ. ಒಂದು ಕೆಂಪು ಕಪ್ಪು ಜೋಡಿ, ಒಂದು ಬಿಳಿ ಹೊದಿಕೆಯದು, ಒಂದು ಪೂರ್ತಿ ಕಪ್ಪು.

ಕಾಕಾ ಕೆಂಪು ಕಪ್ಪಿನದನ್ನು ಎತ್ತಿದರು. "ಇದು ಬರೋಬ್ಬರಿ ಅದ. ಕೆಂಪು ಯಾವುದು, ಕರಿದು ಯಾವುದು ಸಾಫ್ ಕಾಣ್ತದ."

"ಕೊಡ್ರಿ ಇಲ್ಲಿ," ಎಂದಳು ಕಾಕು.

ಮೂರನ್ನೂ ಒಂದೊಂದಾಗಿ ಬೆರಳ ನಡುವೆ ಎಳೆದಳು. ಹೊಸ ಸೀರೆಯ ಸೆರಗಿನ ನೇಯ್ಗೆ ನೋಡುವ ಹಾಗೆ, ತಿರುಗಿಸಿ, ಮಡಿಸಿ, ಬಿಟ್ಟು. ಬಿಳಿಯದು ಮಡಿಸಿದರೆ ಮುದುಡಿ ಗಂಟಾಗುತ್ತಿತ್ತು, ಅದನ್ನು ಹಿಂದೆ ಕೊಟ್ಟಳು. ಕೆಂಪು ಕಪ್ಪಿನದನ್ನು ಬಹಳ ಹೊತ್ತು ಹಿಡಿದಿದ್ದಳು. ಆಮೇಲೆ ಪೂರ್ತಿ ಕಪ್ಪಿನದನ್ನು ಹಿಡಿದವಳು ಅಲ್ಲೇ ನಿಂತಳು.

"ಇದರಾಗ ಒಂದ ಬಾಜೂಕ ಗೀರು ಅದ. ಉದ್ದಕ್ಕೂ ಅದ. ಒಂದು ನುಣ್ಣಗ, ಇನ್ನೊಂದು ಗೀರು."

"ಹೌದ್ರಿ ಅಮ್ಮಾ, ಅದು ಪ್ಲಸ್ ಮೈನಸ್ ಗುರುತಿಗಿ ಹಾಕಿರ್ತಾರ," ಎಂದರು ಅಂಗಡಿಯವರು.

"ಅದನ್ನ ಯಾಕ ಗುರುತು ಹಿಡೀಬೇಕು?"

ನಾನು ಹೇಳಿದೆ. ಎರಡು ಸ್ಪೀಕರುಗಳೂ ಒಟ್ಟಿಗೆ ಉಸಿರು ಬಿಡಬೇಕು, ಒಟ್ಟಿಗೆ ಎಳೆದುಕೊಳ್ಳಬೇಕು. ಒಂದರ ವೈರು ಉಲ್ಟಾ ಸಿಕ್ಕಿಸಿದರೆ ಅದು ಬಿಡುವಾಗ ಇದು ಎಳೆದುಕೊಳ್ಳುತ್ತದೆ, ಹಾಡು ಕೆಡುತ್ತದೆ. ಅದಕ್ಕೇ ಯಾವ ತುದಿ ಯಾವುದೆಂಬ ಗುರುತು.

"ಅಂದ್ರ ಇದನ್ನ ನಾನೇ ಜೋಡಿಸಬಹುದು," ಎಂದಳು ಕಾಕು.

ನಾನು ವೈರು ಆರಿಸುವ ಬಗ್ಗೆ ಅಷ್ಟು ಯೋಚಿಸಿದ್ದೆ, ಜೋಡಿಸುವ ಕೈ ಯಾರದೆಂದು ಯೋಚಿಸಿರಲೇ ಇಲ್ಲ. ಆದರೆ ಯೋಚಿಸಿದರೆ ಆಗದ ಕೆಲಸವೇನಲ್ಲ ಅದು.

"ಜೋಡಿಸಬಹುದು," ಎಂದೆ.

"ಹಂಗಿದ್ರ ಕೆಂಪು ಕರಿ ನಿಮಗಿರಲಿ. ನನಗ ಈ ಗೀರಿಂದ ಸಾಕು."

ಕಾಕಾಗೆ ಇನ್ನೊಂದು ಚಿಂತೆ. ಒಂದು ಸ್ಪೀಕರಿಗೆ ಹೋಗುವ ದಾರಿ ಉದ್ದ, ಇನ್ನೊಂದಕ್ಕೆ ಗಿಡ್ಡ. ಹಾಡು ಒಂದು ಕಡೆಗೆ ಮೊದಲು ಹೋಗಿ ಮುಟ್ಟುವುದಿಲ್ಲವೇ? ಎರಡೂ ವೈರು ಸಮ ಇರಬೇಕು, ಹೆಚ್ಚಾದದ್ದನ್ನು ಸುತ್ತಿ ಇಟ್ಟರಾಯಿತು ಎಂದು ಯಾರೋ ಹೇಳಿದ್ದರಂತೆ. ನಾನು ಖಡಾಖಂಡಿತವಾಗಿ ಬೇಡ ಎಂದೆ. ವೈರಿನೊಳಗೆ ಕರೆಂಟು ಓಡುವ ವೇಗಕ್ಕೆ ಒಂದು ಪಡಸಾಲೆಯ ಉದ್ದ ಲೆಕ್ಕಕ್ಕೇ ಇಲ್ಲ. ಯಾವ ಕಿವಿಗೂ ತಿಳಿಯದು. ದಾರಿ ಎಷ್ಟಿದೆಯೋ ಅಷ್ಟು, ಮೇಲೆ ಮೊಣಕೈ ಉದ್ದ ಸಡಿಲ ಸಾಕು. ಅಂಗಡಿಯವರು ಹಾಗೆಯೇ ಅಳೆದು ಕತ್ತರಿಸಿದರು. ಗೋಡೆಗೆ ಹೊಡೆಯುವ ಕೇಸಿಂಗ್ ಪಟ್ಟಿಯನ್ನೂ ಕೊಂಡೆವು, ವೈರು ಅದರೊಳಗೆ ಅಡಗಿ ಹೋಗುವಂತೆ. ವಾಪಸು ಹೋಗುವಾಗ ಆ ಸುರುಳಿಯನ್ನು ಚೀಲಕ್ಕೆ ಹಾಕಲು ಕಾಕು ಬಿಡಲಿಲ್ಲ. ತೊಡೆಯ ಮೇಲೆ ಇಟ್ಟುಕೊಂಡೇ ಬಸ್ಸಿನಲ್ಲಿ ಕೂತಳೆಂದು ಕಾಕಾ ಆಮೇಲೆ ಹೇಳಿದರು.

ಭಾನುವಾರ ಬೆಳಿಗ್ಗೆ ನಾನು ಹೋಗುವಷ್ಟರಲ್ಲಿ ಸ್ಪೀಕರುಗಳು ತೊಗರಿ ಚೀಲದ ಹಿಂದಿನಿಂದ ಹೊರಬಂದು, ಒರೆಸಿಕೊಂಡು, ಮೂಲೆಯಲ್ಲಿ ಕೂತಿದ್ದವು. ನಾನು ಏಣಿ ಹತ್ತಿ ಪಟ್ಟಿ ಹೊಡೆದೆ, ಕಾಕಾ ಕೆಳಗಿಂದ ವೈರು ಕೊಡುತ್ತ ಬಂದರು. ಮನೆಯ ಕರೆಂಟಿನ ವೈರು ಹೋಗುವ ಪೈಪಿನೊಳಗೇ ಇದನ್ನೂ ತೂರಿಸಿದರೆ ಕೆಲಸ ಬೇಗ ಆಗುತ್ತದಲ್ಲ ಎಂದು ಅವರು ಕೇಳಿದರು. ಅದು ಅಪಾಯ, ಎರಡೂ ದೂರ ದೂರ ಇರಬೇಕು ಎಂದೆ. ಕಲ್ಲಿನ ಗೋಡೆಗೆ ಮೊಳೆ ಇಳಿಯುವುದು ಸುಲಭವಲ್ಲ. ಎರಡನೆಯ ಬಾಗಿಲು ದಾಟುವಷ್ಟರಲ್ಲಿ ಕಾಕಾ ಬೆವರಿ, "ಇದಕ್ಕಿಂತ ಚೀಲ ಹೊರೋದು ಆರಾಮು" ಎಂದು ಗೊಣಗಿದರು. ಆದರೆ ಕೆಲಸ ಬಿಡಲಿಲ್ಲ.

ವೈರು ಮೂಲೆ ಮುಟ್ಟಿದ ಮೇಲೆ ತುದಿಗಳ ಸರದಿ. ಕಾಕಾನ ಮುಖದಲ್ಲಿ ಮತ್ತೆ ಹೆದರಿಕೆ. "ನೀನೇ ಮಾಡವ್ವಾ. ಕರೆಂಟ್ ಹೊಡದ್ರ?"

ನಾನು ಆಂಪ್ಲಿಫೈಯರಿನ ಪ್ಲಗ್ಗಿನ ವೈರನ್ನು ಗೋಡೆಯಿಂದಲೂ ಮಷಿನಿನಿಂದಲೂ ಕಿತ್ತು ತಂದು ಕಾಕುವಿನ ಮಡಿಲಲ್ಲಿಟ್ಟೆ. "ಇದು ನಿನ್ನ ಹಂತೇಲಿ ಇರೋತನ ಕರೆಂಟ್ ಇಲ್ಲ. ನೀ ಕೊಟ್ಟಾಗ ಮಾತ್ರ ನಾ ಹಚ್ತೀನಿ."

ಅವಳು ಪ್ಲಗ್ಗನ್ನು ಸೆರಗಿನ ತುದಿಯಲ್ಲಿ ಗಂಟು ಹಾಕಿಕೊಂಡಳು.

ತುದಿಯ ಹೊದಿಕೆ ಸುಲಿದದ್ದು ನಾನು. ಅವಳ ಎಡಗೈಯಲ್ಲಿ ಇನ್ನೂ ಬಲವಿರಲಿಲ್ಲ. ಎಳೆಗಳನ್ನು ಒಟ್ಟು ಮಾಡಿ ಹೊಸೆಯುವುದನ್ನು ಮಾತ್ರ ಹೇಳಿಕೊಡಬೇಕಾಗಲಿಲ್ಲ. ದೇವರ ದೀಪಕ್ಕೆ ಬತ್ತಿ ಹೊಸೆದ ಕೈ. ನಾನು ಹೊಸೆದದ್ದಕ್ಕಿಂತ ಬಿಗಿಯಾಗಿ, ಒಂದು ಎಳೆಯೂ ಹೊರಗೆ ಚಾಚದಂತೆ ಹೊಸೆದಳು. ಒಂದು ಎಳೆ ಪಕ್ಕದ ತಿರುಪಿಗೆ ತಾಗಿದರೂ ಮಷಿನು ಕೆಡಬಹುದೆಂದು ಹೇಳಿದ್ದೆ. ಪ್ರತಿ ತುದಿಯನ್ನೂ ಕೆನ್ನೆಗೆ ಮುಟ್ಟಿಸಿ, ಚುಚ್ಚಿತೋ ಇಲ್ಲವೋ ಎಂದು ನೋಡಿದಳು. ಗೀರಿನದು ಬಲಕ್ಕೆ, ನುಣ್ಣನೆಯದು ಎಡಕ್ಕೆ. ಹಾಗೆಂದು ತನ್ನಷ್ಟಕ್ಕೇ ಹೇಳಿಕೊಳ್ಳುತ್ತ, ಮೊದಲು ಗೂಡಿನಲ್ಲಿ, ಆಮೇಲೆ ನನ್ನ ಭುಜ ಹಿಡಿದು ಹೋಗಿ ಒಂದೊಂದೇ ಸ್ಪೀಕರಿನ ಹಿಂದೆ ಕೂತು ತಿರುಪು ಬಿಗಿದಳು. ನಾನು ನೋಡುತ್ತ ನಿಂತಿದ್ದೆನೇ ಹೊರತು ಕೈ ಹಾಕಲಿಲ್ಲ. ಕೈ ಹಾಕುವ ಅಗತ್ಯ ಬರಲಿಲ್ಲ.

ಕಡೆಗೆ ಸೆರಗಿನ ಗಂಟು ಬಿಚ್ಚಿ ಪ್ಲಗ್ಗು ಕೊಟ್ಟಳು.

ಮೊದಲು ಕೇಳಿದ್ದು ಆ ವಾರದ ಸೋಮವಾರದ ಹಾಡು. ಹಾರ್ಮೋನಿಯಂ ಬಂತು, ತಬಲಾ ಬಂತು. ಎಡದ ಪೆಟ್ಟು ಗೋಡೆಗೆ ಹೊಡೆದ ಹಾಗೆ ಗಟ್ಟಿ ಕೇಳಿತು. ಆಮೇಲೆ ಹೆಂಗಸರ ದನಿಗಳು ಪಡಸಾಲೆಯ ಉದ್ದಕ್ಕೂ ಸಾಲಾಗಿ ಬಂದು ಕೂತವು. ಕಾಕು ಮಂಚದ ಅಂಚು ಹಿಡಿದು ಮುಂದೆ ಬಾಗಿದಳು. ಬಾಯಿ ತೆರೆದಿತ್ತು. ಮೊದಲ ಹಾಡು ಮುಗಿಯಿತು. ಕಾಕಾ ತಡೆಯಲಾರದೆ, "ಹ್ಯಾಂಗದ?" ಎಂದರು.

"ಸುಮ್ಮನಿರ್ರಿ," ಎಂದಳು.

ಎರಡನೆಯ ಹಾಡಿನ ನಡುವೆ ನಾನು ಒಂದು ಪ್ರಯೋಗ ಮಾಡಿದೆ. ತರಗತಿಯ ಚಾಳಿ. ಮಷಿನು ಆರಿಸಿ, ಅವಳಿಗೆ ಹೇಳಿಯೇ, ಒಂದು ಸ್ಪೀಕರಿನ ಎರಡು ತುದಿಗಳನ್ನು ಅದಲು ಬದಲು ಮಾಡಿ ಮತ್ತೆ ಹಚ್ಚಿದೆ. ಸರಿಯಾದದ್ದು ಗೊತ್ತಿರಬೇಕೆಂದರೆ ತಪ್ಪೂ ಒಮ್ಮೆ ಕೇಳಿರಬೇಕು. ಕಾಕಾ ಕಿವಿಗೆ ಕೈ ಹಿಡಿದು ಕೇಳಿ, "ಏನೂ ಫರಕ್ ಇಲ್ಲಲ್ಲ" ಎಂದರು. ಕಾಕು ಮುಖ ಕಿವುಚಿದಳು.

"ಅಯ್ಯ, ಆ ಹಾಡಾಕಿ ಎಲ್ಲಿ ಹೋದಳು? ನಡಬರಕ ನಿಂತು ಹಾಡಾಕತ್ತಿದ್ದಳು. ಈಗ ಗ್ವಾಡಿ ಒಳಗ ಹೊಕ್ಕಾಳ. ಡಗ್ಗಾ ಬಿಲ್ಕುಲ್ ಸತ್ತು ಹೋಗ್ಯಾದ. ತೆಗಿ ತೆಗಿ, ಮೊದಲಿನಂಗ ಮಾಡು!"

ನಾನು ಮಷಿನು ಆರಿಸಿ ತಿರುಪು ಬಿಚ್ಚಲು ಕೂತೆ. ಅವಳು ಎದ್ದು ಬಂದು ನನ್ನನ್ನು ಸರಿಸಿ, ತಾನೇ ಗೀರು ಹುಡುಕಿ ಸರಿ ಮಾಡಿದಳು.

ಆಮೇಲೆ ಆದದ್ದು ನಾನು ಎಣಿಸಿದ್ದಕ್ಕಿಂತ ದೊಡ್ಡದು. ಎರಡು ದಿನ ಬಿಟ್ಟು ಕಾಕು ಮಂಡಳಿಯ ಹೆಂಗಸರಿಗೆಲ್ಲ ಹೇಳಿಕಳಿಸಿದಳು. ಶಾಲೆ ಮುಗಿಸಿ ನಾನೂ ಹೋಗಿದ್ದೆ. ಜಮಖಾನದ ಮೇಲೆ ಎಲ್ಲರೂ ಕೂತರು, ಅವರದೇ ಹಾಡು ಅವರಿಗೇ ಕೇಳಿಸಿದಳು. ನಡುವೆ ನಿಲ್ಲಿಸಿ, "ಇಲ್ಲಿ ಎಡಗಡಿ ಕುಂತಾಕಿ ಉಸಿರು ಬೇಗ ಎಳ್ಕೊಳ್ಳಾಕತ್ತಾಳ. ಅದಕ್ಕ ಸಾಲು ಮುರೀತದ" ಎಂದಳು. ಹೆಂಗಸರು ಒಬ್ಬರನ್ನೊಬ್ಬರು ನೋಡಿಕೊಂಡರು. ಎಡಗಡೆ ಕೂತಿದ್ದವಳು ಈಗ ಮಂಡಳಿಯಲ್ಲಿ ಎತ್ತಿಕೊಡುವಾಕೆ. ಕಾಕು ಬಿಟ್ಟ ಮೇಲೆ ಆ ಜಾಗ ಹಿಡಿದವಳು. ಅವಳ ಮುಖ ಬಿಗಿಯಿತು.

"ವೈನಿ, ನೀವು ಮನ್ಯಾಗ ಕುಂತು ತಪ್ಪು ಹೇಳೋದು ಹಗೂರ ಅದ ನೋಡ್ರಿ. ಮಠದಾಗ ಬಂದು ನಿಂತ್ರ ತಿಳೀತದ, ಹಿಂದ ಹಾಡೋರು ಹ್ಯಾಂಗ ಎಳೀತಾರಂತ."

ಕಾಕಾ ಅಂಗಡಿಗೆ ಹೊರಟವರು ಬಾಗಿಲಲ್ಲೇ ನಿಂತರು. ನನಗೆ ಕಾಕು ಅತ್ತುಬಿಡುತ್ತಾಳೇನೋ ಅನಿಸಿತು. ಅವಳು ಅಳಲಿಲ್ಲ. ದನಿ ಬಂದ ಕಡೆಗೆ ಮುಖ ತಿರುಗಿಸಿದಳು.

"ಖರೆ ಅದ," ಎಂದಳು. "ನೀ ಹೇಳೋದು ಖರೆನೇ ಅದ. ಈ ಸೋಮವಾರ ಬರ್ತೀನಿ. ಕರ್ಕೊಂಡು ಹೋಗಾಕ ನೀನೇ ಬಾ."

ಬಂದಳು ಆಕೆ. ಸೋಮವಾರ ಸಂಜೆ ಕಾಕುವಿನ ಕೈ ಆಕೆಯ ಭುಜದ ಮೇಲಿತ್ತೆಂದು, ಇಬ್ಬರೂ ದಾರಿಯುದ್ದಕ್ಕೂ ಆ ಸಾಲಿನ ಉಸಿರಿನ ಬಗ್ಗೆಯೇ ಜಗಳಾಡುತ್ತ ಹೋದರೆಂದು ಕಾಕಾ ಫೋನಿನಲ್ಲಿ ಹೇಳಿದರು. ಆಮೇಲೆ ಮಳೆಯ ಮಾತಿಗೆ ಹೋದರು, ತೊಗರಿಯ ಮಾತಿಗೆ ಹೋದರು.

ಈಗ ಮಂಡಳಿಯಲ್ಲಿ ಇಬ್ಬರೂ ಸರದಿಯಂತೆ ಎತ್ತಿಕೊಡುತ್ತಾರೆ. ಸೋಮವಾರ ಮಠದಲ್ಲಿ ಹಾಡುವುದು, ಗುರುವಾರ ಕಾಕುವಿನ ಪಡಸಾಲೆಯಲ್ಲಿ ಅದನ್ನೇ ಕೇಳಿ ತಿದ್ದುವುದು. ಹೊಸ ಹುರುಪಿನಲ್ಲಿ ನಾಲ್ಕು ಜನ ಹೊಸ ಹೆಂಗಸರೂ ಸೇರಿದ್ದಾರೆ. ಒಬ್ಬಳಿಗೆ ಶ್ರುತಿಯ ಗಂಧವೇ ಇಲ್ಲ ಎಂದು ಕಾಕು ಪ್ರತಿ ವಾರ ದೂರುತ್ತಾಳೆ. ಆದರೆ ಬರಬೇಡ ಎಂದು ಇದುವರೆಗೆ ಹೇಳಿಲ್ಲ.

ಕಳೆದ ತಿಂಗಳು ನಾನು ಹುಮನಾಬಾದಿಗೆ ಹೋಗಿದ್ದಾಗ ಹುಲಸೂರಿನಿಂದ ಫೋನು ಬಂತು. ಅಲ್ಲಿಯ ಮಂಡಳಿಯವರೂ ಒಂದು ಕೋಣೆಗೆ ಸ್ಪೀಕರು ಕೂಡಿಸುತ್ತಿದ್ದರಂತೆ. ಯಾವ ವೈರು ಹಾಕಬೇಕೆಂದು ಟೀಚರನ್ನು ಕೇಳಬೇಕಿತ್ತು ಎಂದರಂತೆ. ಕಾಕಾ ಫೋನನ್ನು ನನ್ನ ಕಡೆ ಚಾಚಿದರು. ನಾನು ಕೈ ನೀಡುವ ಮೊದಲೇ ಕಾಕು, "ಇಲ್ಲಿ ಕೊಡ್ರಿ" ಎಂದು ಇಸಿದುಕೊಂಡಳು.

"ಹಾಂ ಹೇಳವ್ವಾ. ನಾನೇ ಹೇಳ್ತೀನಿ, ಆಕಿದೇನೂ ಬ್ಯಾಡ. ಮೊದಲ ಹಾದಿ ಹೇಳು. ಎಷ್ಟು ಉದ್ದ ಆಗ್ತದ? ನಡುವ ಬಾಗಿಲ ಬರ್ತಾವೇನು? ನೆಲಕ್ಕ ಬ್ಯಾಡ, ಬಿಲ್ಕುಲ್ ಬ್ಯಾಡ. ಮ್ಯಾಲಿಂದ ಒಯ್ಯಿ. ತಾಮ್ರ ಇರಲಿ, ಕೆರದು ನೋಡಿ ತಗೊ, ದುಕಾನದವ್ರು ಬ್ಯಾಸರ ಮಾಡ್ಕೊಂಡ್ರ ಮಾಡ್ಕೊಳ್ಳಿ..."

ನಾನು ಚಹಾ ಮಾಡಲು ಒಳಗೆ ಹೋದೆ. ಅವಳು ಇನ್ನೂ ಹೇಳುತ್ತಲೇ ಇದ್ದಳು.